ಎಂಟು ರೂಪಾಯಿ ತೂಕದ ಕಲ್ಲು

ಕಾದ ಶಹಾಬಾದ್ ಕಲ್ಲಿನ ಮೇಲೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆ ಬೇರೆ. ಅದನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಕಲ್ಲಿನ ವಾಸನೆ ಒಣಕಲು, ಸ್ವಲ್ಪ ಸುಣ್ಣದ ಹಾಗೆ, ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಹೋದ ಬೇಸಿಗೆಯಲ್ಲಿ ವಾಡಿ ಜಂಕ್ಷನ್ನಿನಲ್ಲಿ ಸೇಡಂ ಕಡೆಯ ಗಾಡಿಗೆ ಕಾಯುತ್ತಿದ್ದೆ. ಮಧ್ಯಾಹ್ನ ಎರಡರ ಬಿಸಿಲು. ಚಹಾ ಮಾರುವವನು ಗ್ಲಾಸು ತೊಳೆದ ನೀರನ್ನು ನನ್ನ ಕಾಲ ಮುಂದಿನ ಹಾಸುಗಲ್ಲಿನ ಮೇಲೆ ಚೆಲ್ಲಿದ. ವಾಸನೆ ಮೂಗಿಗೆ ಬಡಿದದ್ದೇ ತಡ, "ಎರಡು ದಶಾಂಶ ಆರು ಆರು" ಎಂದುಬಿಟ್ಟೆ. ಪಕ್ಕದಲ್ಲಿದ್ದ ಮೊಮ್ಮಗಳು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. ಅಜ್ಜಿಗೆ ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು. ಗಾಡಿ ಬರುವುದಕ್ಕೆ ಇನ್ನೂ ಒಂದು ಗಂಟೆಯಿತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೈದರಾಬಾದ್ ಸಂಸ್ಥಾನವನ್ನು ಹಿಂದೂಸ್ತಾನಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಮುಗಿದು ಐದು ವರ್ಷವಾಗಿತ್ತು. ನಾನು ಸೇಡಂ ಸಾಲೆಯಲ್ಲಿ ಎಂಟನೇ ಜಮಾತು. ಜಮಾತು ಎಂದರೆ ತರಗತಿ. ನಿಜಾಮರ ಕಾಲದ ಮಾತು, ನಿಜಾಮರ ಆಳಿಕೆ ಹೋದರೂ ಬಾಯಿಂದ ಹೋಗಿರಲಿಲ್ಲ. ಸಣ್ಣವರಿದ್ದಾಗ ಉರ್ದುವಿನಲ್ಲಿ ಕಲಿತ ಲೆಕ್ಕವನ್ನು ದೊಡ್ಡವರಾಗುವಾಗ ಕನ್ನಡದಲ್ಲಿ ಮತ್ತೊಮ್ಮೆ ಕಲಿತವರು ನಾವು. ನಮಗಿಂತ ಹೆಚ್ಚು ಫಜೀತಿ ಪಟ್ಟವರು ಕಲಿಸುವವರು. ವಿಜ್ಞಾನದ ಕರೀಂ ಮಾಸ್ತರು ಹೈದರಾಬಾದಿನಲ್ಲಿ ಇಡೀ ಪದಾರ್ಥ ವಿಜ್ಞಾನವನ್ನು ಉರ್ದುವಿನಲ್ಲೇ ಓದಿ ಬಂದವರು. ಪಾಠದ ನಡುವೆ ತಡೆದು ನಿಂತು, "ಕಸಾಫತ್... ಕಸಾಫತಿಗಿ ನಿಮ್ಮ ಪುಸ್ತಕದಾಗ ಏನ್ ಬರ್ದಾರ?" ಎಂದು ನಮ್ಮನ್ನೇ ಕೇಳುತ್ತಿದ್ದರು. ನಾವು ಪುಸ್ತಕ ನೋಡಿ, "ಸಾಂದ್ರತೆ ರೀ" ಎನ್ನುತ್ತಿದ್ದೆವು. ಅವರು ಆ ಮಾತನ್ನು ಎರಡು ಮೂರು ಸಲ ಬಾಯಲ್ಲಿ ಹೊರಳಿಸಿ ಹಲಗೆಯ ಮೇಲೆ ಬರೆಯುತ್ತಿದ್ದರು. ಅವರ ಕನ್ನಡ ಅಕ್ಷರ ನಮ್ಮೆಲ್ಲರ ಅಕ್ಷರಕ್ಕಿಂತ ಚೆಂದ ಇತ್ತು.

ಆ ವರ್ಷ ದಸರಾ ರಜೆ ಮುಗಿಸಿ ಬಂದಾಗ ಸಾಲೆಯಲ್ಲಿ ಒಂದು ತಕ್ಕಡಿ ಬಂದು ಕೂತಿತ್ತು. ಕಿರಾಣಿ ಅಂಗಡಿಯ ತಕ್ಕಡಿ ಅಲ್ಲ. ಗಾಜಿನ ಪೆಟ್ಟಿಗೆಯೊಳಗೆ ಹಿತ್ತಾಳೆಯ ಕಂಬ, ಎರಡು ಸಣ್ಣ ತಟ್ಟೆ, ನಡುವೆ ಒಂದು ಉದ್ದನೆಯ ಮುಳ್ಳು. ಮಾಸ್ತರು ಕೀಲಿ ತಿರುಗಿಸಿದರು. ಮುಳ್ಳು ಅತ್ತ ಇತ್ತ ಹೊಯ್ದಾಡಿ, ಹೊಯ್ದಾಟ ಸಣ್ಣದಾಗುತ್ತ ಬಂದು, ಕೊನೆಗೆ ನಟ್ಟ ನಡುವೆ ನಿಂತಿತು. ಒಂದು ಕೂದಲೆಳೆ ಹಾಕಿದರು, ಮುಳ್ಳು ಸರಿಯಿತು. ನನ್ನ ಮೈ ಜುಮ್ ಎಂದಿತು. ಸುಳ್ಳು ಹೇಳದ ವಸ್ತುವೊಂದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಮುಂದೆ ಓದಿದರೆ ಇದನ್ನೇ ಓದಬೇಕು ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟೆ.

ತಕ್ಕಡಿಯ ಜೊತೆ ತೂಕದ ಬಟ್ಟುಗಳ ಪೆಟ್ಟಿಗೆಯೂ ಬಂದಿತ್ತು. ತೆರೆದು ನೋಡಿದರೆ ನೀಲಿ ಮಖಮಲ್ಲಿನಲ್ಲಿ ಸಾಲಾಗಿ ಕುಳಿಗಳು. ಕುಳಿಯಲ್ಲಿ ಕೂರಬೇಕಾದ ಬಟ್ಟುಗಳು ಒಂದೂ ಇರಲಿಲ್ಲ. ದಾರಿಯಲ್ಲಿ ಹೋದವೋ, ಕಳಿಸುವಾಗಲೇ ಇರಲಿಲ್ಲವೋ ದೇವರೇ ಬಲ್ಲ. ಮಾಸ್ತರು ಕಾಗದ ಬರೆದರು, ಮತ್ತೆ ಬರೆದರು. ಉತ್ತರ ಬರಲಿಲ್ಲ. ಕೊನೆಗೆ ಒಂದು ದಿನ ಮನೆಯಿಂದ ತಂಬಾಕಿನ ತಗಡಿನ ಡಬ್ಬಿಯಲ್ಲಿ ಹತ್ತು ರೂಪಾಯಿ ನಾಣ್ಯ ತಂದು ಮೇಜಿನ ಮೇಲೆ ಸುರಿದರು.

"ರೂಪಾಯಿ ತೂಕ ಎಷ್ಟು?" ಎಂದು ಕೇಳಿದರು.

ಇಡೀ ಜಮಾತು ಒಂದೇ ದನಿಯಲ್ಲಿ, "ಒಂದು ತೊಲ ರೀ!" ಎಂದಿತು. ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅಕ್ಷರ ಬಾರದ ಮುದುಕಿಯರೂ ಬೆಣ್ಣೆಯನ್ನು ರೂಪಾಯಿ ಇಟ್ಟೇ ತೂಗುತ್ತಿದ್ದರು. ತೊಲಕ್ಕಿಂತ ಸಣ್ಣದಕ್ಕೆ ಗುಲಗಂಜಿ ಬೀಜ. ತೊಂಬತ್ತಾರು ಗುಲಗಂಜಿಗೆ ಒಂದು ತೊಲ ಎಂಬುದು ಅಕ್ಕಸಾಲಿಗರ ಲೆಕ್ಕ. ನಾನು ಬೇಲಿಯ ಗುಲಗಂಜಿ ಆರಿಸಿ ತಂದೆ. ಹೀಗೆ ನಮ್ಮ ಪ್ರಯೋಗಶಾಲೆ ಶುರುವಾಯಿತು. ಪಾಠ ಮುಗಿದ ಮೇಲೆ ಮಾಸ್ತರು ಡಬ್ಬಿಯನ್ನು ಮನೆಗೆ ಒಯ್ಯುತ್ತಿದ್ದರು, ಮರುದಿನ ತರುತ್ತಿದ್ದರು.

ಮಾಡಬೇಕಾದ ಪ್ರಯೋಗ ಸರಳ. ಒಂದು ಕಲ್ಲಿನ ಚೂರನ್ನು ಗಾಳಿಯಲ್ಲಿ ತೂಗುವುದು. ಅದನ್ನೇ ದಾರದಿಂದ ಕಟ್ಟಿ, ನೀರಿನಲ್ಲಿ ಮುಳುಗುವ ಹಾಗೆ ಇಳಿಬಿಟ್ಟು ಮತ್ತೆ ತೂಗುವುದು. ನೀರಿನಲ್ಲಿ ತೂಕ ಕಡಿಮೆ ಬರುತ್ತದೆ. ಎಷ್ಟು ಕಡಿಮೆಯಾಯಿತೋ ಅಷ್ಟರಿಂದ ಮೊದಲ ತೂಕವನ್ನು ಭಾಗಿಸಿದರೆ, ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಎಂದು ತಿಳಿಯುತ್ತದೆ. ಪುಸ್ತಕದಲ್ಲಿ ಸುಣ್ಣದ ಕಲ್ಲಿಗೆ ಎರಡು ದಶಾಂಶ ಏಳು ಎಂದು ಬರೆದಿತ್ತು. ನಮ್ಮ ಮನೆಯ ನೆಲ, ಮೆಟ್ಟಿಲು, ಬಚ್ಚಲು, ಸಾಲೆಯ ಹಲಗೆಯ ಕೆಳಗಿನ ಕಟ್ಟೆ ಎಲ್ಲವೂ ಅದೇ ಜಾತಿಯ ಶಹಾಬಾದ್ ಕಲ್ಲು. ಜೊತೆಗೆ ಓದುತ್ತಿದ್ದ ಬಸಣ್ಣನ ಮನೆಯವರಿಗೆ ಕಲ್ಲಿನ ಖಣಿ ಇತ್ತು. ಅವನು ಅಂಗೈಯಷ್ಟಿದ್ದ ಒಂದು ಚೂರು ತಂದುಕೊಟ್ಟ. ಅದು ಸುಮಾರು ಎಂಟು ರೂಪಾಯಿ ತೂಕ ಬಂತು.

ಹೆಡ್‌ಮಾಸ್ತರು ಗುಂಡೇರಾಯರು ದೀಪಾವಳಿಯ ನಂತರ ಒಂದು ಸುದ್ದಿ ತಂದರು. ಒಂಬತ್ತನೇ ಜಮಾತಿಗೆ ವಿಜ್ಞಾನ ಕೊಡಬೇಕೋ ಬೇಡವೋ ಎಂದು ನೋಡಲು ಶಿವರಾತ್ರಿಯ ಹೊತ್ತಿಗೆ ಗುಲಬರ್ಗಾದಿಂದ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಹುಡುಗರು ಪ್ರಯೋಗ ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ಮುಂದಿನ ಜೂನಿನಿಂದ ವಿಜ್ಞಾನ. ಇಲ್ಲದಿದ್ದರೆ ಹಳೆಯ ಹಾಗೆ ಇತಿಹಾಸ, ಭೂಗೋಳ. ಅನುಕೂಲ ಇದ್ದ ಹುಡುಗರಿಗೆ ಇದು ದೊಡ್ಡ ಮಾತಾಗಿರಲಿಲ್ಲ. ಗುಲಬರ್ಗಾಕ್ಕೆ ಹೋಗಿ ರೂಮು ಮಾಡಿ ಓದುವವರು ಅವರು. ನನ್ನದು ಹಾಗಲ್ಲ.

ನಮ್ಮಪ್ಪ ತಹಸೀಲ್ ಕಚೇರಿಯಲ್ಲಿ ಪೇಷ್ಕಾರರು. ದಿನಾ ಕಾಗದಪತ್ರ ಓದಿ ಹೇಳುವ ನೌಕರಿ, ಆದ್ದರಿಂದ ಮನೆಯಲ್ಲಿ ಮಾತು ಕಡಿಮೆ. ಆಡಿದ ಮಾತು ಮಾತ್ರ ಹುಕುಂ ಇದ್ದ ಹಾಗೆ. ಅವತ್ತು ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ.

"ಅಪ್ಪಾ, ನಾ ವಿಜ್ಞಾನ ಓದ್ತೀನ್ರಿ."

ಅಪ್ಪ ರೊಟ್ಟಿ ಮುರಿಯುತ್ತ, "ಸೇಡಂ ಸಾಲ್ಯಾಗ ಬಂದ್ರ ಓದು. ಬ್ಯಾಡ ಅನ್ನಂಗಿಲ್ಲ. ಆದ್ರ ಗುಲಬರ್ಗಾಕ್ಕ ಕಳಸು ಅನಬ್ಯಾಡ. ಅದು ಆಗೂ ಮಾತಲ್ಲ" ಎಂದರು.

"ಇಲ್ಲಿ ಬಂದ್ರ ಖರೆ ಓದಸ್ತೀರಿ?"

"ಒಮ್ಮೆ ಹೇಳೀನಲ್ಲ ಯವ್ವಾ. ಮತ್ತ ಮತ್ತ ಯಾಕ ಕೇಳ್ತಿ?"

ನನಗೆ ಅಷ್ಟು ಸಾಕಾಗಿತ್ತು. ಇನ್ನು ಇನ್‌ಸ್ಪೆಕ್ಟರ್ ಸಾಹೇಬರು ಒಪ್ಪುವ ಹಾಗೆ ಪ್ರಯೋಗ ಮಾಡಿ ತೋರಿಸುವುದಷ್ಟೇ ಉಳಿದದ್ದು ಎಂದುಕೊಂಡೆ. ಜಮಾತಿನಲ್ಲಿ ನಾವು ಹುಡುಗಿಯರು ಇಬ್ಬರೇ. ನನ್ನ ಪಕ್ಕ ಕೂರುತ್ತಿದ್ದ ಶಾಂತಾಳನ್ನು ಕಾರ್ತಿಕದಲ್ಲಿ ಚಿಂಚೋಳಿಗೆ ಕೊಟ್ಟು ಮದುವೆ ಮಾಡಿದರು. ಅವಳು ಹೋಗುವಾಗ ತನ್ನ ಪಟ್ಟಿಯನ್ನೂ, ಅಂದರೆ ನೋಟುಬುಕ್ಕನ್ನೂ, ಸೀಸದ ಕಡ್ಡಿಯನ್ನೂ ನನಗೆ ಕೊಟ್ಟು ಹೋದಳು. ಬೆಂಚಿನ ಅರ್ಧ ಖಾಲಿಯಾಯಿತು. ಆ ಖಾಲಿ ಜಾಗ ನೋಡಿದಾಗಲೆಲ್ಲ ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು.

ಪ್ರಯೋಗ ಕೈಗೆ ಹತ್ತಲಿಲ್ಲ. ಅದೇ ಕಲ್ಲು, ಅದೇ ತಕ್ಕಡಿ, ಅದೇ ನಾನು. ಸೋಮವಾರ ಎರಡು ದಶಾಂಶ ಐದು ಬಂತು. ಬುಧವಾರ ಎರಡು ದಶಾಂಶ ಎಂಟು. ಶನಿವಾರ ಎರಡು ದಶಾಂಶ ಆರು. ಕಲ್ಲು ವಾರದಲ್ಲಿ ಉಬ್ಬಿ ಇಳಿಯುವುದಕ್ಕೆ ಅದೇನು ಹಿಟ್ಟಿನ ಕಣಕವೇ? ಬಸಣ್ಣ ಮಾಡಿದರೂ ಹಾಗೇ, ಮಾಸ್ತರು ತಾವೇ ನಿಂತು ಮಾಡಿದರೂ ಹಾಗೇ. ಆದರೆ ಹುಡುಗರಿಗೆ ನಾನು ಸಿಕ್ಕಿದ್ದೆ. "ಬಳಿ ಸಪ್ಪಳಕ್ಕ ತಕ್ಕಡಿ ಹೆದರ್‍ತದ" ಎಂದು ಹಿಂದಿನ ಬೆಂಚಿನಿಂದ ನಗುತ್ತಿದ್ದರು. ಮರುದಿನ ಬಳೆ ತೆಗೆದಿಟ್ಟು ಬಂದೆ. ಬರಿಗೈ ನೋಡಿ ಅವ್ವ ಬೈದಳು. ಅಂಕಿ ಮಾತ್ರ ಸರಿಹೋಗಲಿಲ್ಲ.

ಒಂದು ದಿನ ಗುಂಡೇರಾಯರು ಬಂದು ನಮ್ಮ ಪಟ್ಟಿಗಳನ್ನು ನೋಡಿದರು. ಅವರು ಕೆಟ್ಟವರಲ್ಲ. ಸಾಲೆಗೆ ವಿಜ್ಞಾನ ಬರಬೇಕು ಎಂದು ಅವರಿಗೂ ಅಷ್ಟೇ ಆಸೆ ಇತ್ತು.

"ಇದೇನಿದು? ಒಬ್ಬೊಬ್ಬರದು ಒಂದೊಂದು!" ಎಂದರು. "ಸಾಹೇಬರು ಇದನ್ನ ನೋಡಿದ್ರ ನಕ್ಕು ಎದ್ದು ಹೋಗ್ತಾರ. ಎಲ್ಲಾರೂ ಎರಡು ದಶಾಂಶ ಏಳು ಅಂತ ಬರೀರಿ. ಪುಸ್ತಕದಾಗ ಹಂಗೇ ಅದ."

"ತೂಗಿದ್ರ ಹಂಗ ಬರಲಿಕತ್ತಿಲ್ರಿ ಸರ್," ಎಂದೆ.

"ಬರಬೇಕು. ಪುಸ್ತಕ ಬರದವರು ನಿನಗಿಂತ ಶಾಣ್ಯಾರಿದ್ರು."

"ತಕ್ಕಡ್ಯಾಗ ಏನೋ ತಪ್ಪದ ರೀ. ಹುಡುಕಬೇಕ್ರಿ."

ರಾಯರು ಮಾಸ್ತರ ಕಡೆ ತಿರುಗಿ, "ಕೇಳಿದ್ರೇನು ಕರೀಂ ಸಾಹೇಬ್? ಕುಣೀಲಿಕ್ಕೆ ಬಾರದಾಕಿ ನೆಲ ಡೊಂಕು ಅಂದಳಂತ," ಎಂದು ನಕ್ಕರು. ಹುಡುಗರೆಲ್ಲ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹಳೆಯ ಅಂಕಿ ಒರೆಸಿ ಎರಡು ದಶಾಂಶ ಏಳು ಎಂದು ಬರೆದುಕೊಂಡರು. ನಾನು ಬರೆಯಲಿಲ್ಲ. ಮಾಸ್ತರು ಕಿಟಕಿಯ ಹೊರಗೆ ನೋಡುತ್ತಿದ್ದರು. ಭಾಷೆ ಬದಲಾದ ಮೇಲೆ ಅವರ ನೌಕರಿಯೇ ತೂಗುಯ್ಯಾಲೆಯಲ್ಲಿತ್ತು; ಎದುರು ಮಾತಾಡುವ ಹಾಗಿರಲಿಲ್ಲ ಎಂಬುದು ನನಗೆ ಈಗ ತಿಳಿಯುತ್ತದೆ. ಅವತ್ತು ಅವರ ಮೇಲೂ ಸಿಟ್ಟಾಗಿದ್ದೆ.

ಆದರೆ ಸಾಲೆ ಬಿಟ್ಟ ಮೇಲೆ ಅವರು ನನ್ನನ್ನು ಕರೆದು ತಕ್ಕಡಿಯ ಕೋಣೆಯ ಕೀಲಿ ಕೊಟ್ಟರು. "ದಿನಾ ಒಂದು ತಾಸು ಕುಂಡ್ರು. ಒಂದು ಸಲಕ್ಕ ಒಂದೇ ಚೀಜ್ ಬದ್ಲಿ ಮಾಡು. ಎರಡು ಬದ್ಲಿ ಮಾಡಿದ್ರ ಯಾವುದು ಕಳ್ಳ ಅಂತ ತಿಳಿಯಂಗಿಲ್ಲ. ಬಂದ ಅಂಕಿ ಬರಿ, ಅಳಸಬ್ಯಾಡ," ಎಂದರು. ಆ ಒಂದು ತಾಸಿಗೆ ಅವರ ಡಬ್ಬಿಯನ್ನೂ ನನ್ನ ವಶಕ್ಕೆ ಬಿಟ್ಟು, ತಾವು ವರಾಂಡದಲ್ಲಿ ಕನ್ನಡ ವ್ಯಾಕರಣ ಓದುತ್ತ ಕೂತರು.

ಮೊದಲು ದಾರ. ಹತ್ತಿಯ ದಾರ ನೀರು ಕುಡಿಯುತ್ತದೆ ಎಂದು ಅನುಮಾನ ಬಂತು. ಟಾಂಗಾದವನನ್ನು ಕಾಡಿ ಕುದುರೆಯ ಬಾಲದ ಎರಡು ಕೂದಲು ಪಡೆದೆ. ಅದು ನೀರು ಹಿಡಿಯುವುದಿಲ್ಲ. ಅಂಕಿ ಹಾರಾಡುವುದು ನಿಲ್ಲಲಿಲ್ಲ. ಆಮೇಲೆ ನೀರು. ಸಾಲೆಯ ಬಾವಿಯ ನೀರು ಸವಳು. ಮಳಖೇಡದಿಂದ ಬರುವ ಹುಡುಗನೊಬ್ಬ ಕಾಗಿಣಾ ಹೊಳೆಯ ನೀರನ್ನು ತಂಬಿಗೆಯಲ್ಲಿ ಹಿಡಿದು ತಂದ. ಊಹುಂ. ಕಲ್ಲಿಗೆ ಅಂಟಿಕೊಳ್ಳುವ ಗಾಳಿಯ ಗುಳ್ಳೆಗಳನ್ನು ಕೋಳಿಯ ಪುಕ್ಕದಿಂದ ಒರೆಸಿದೆ. ಕೋಳಿಯ ಪುಕ್ಕ ಹಿಡಿದು ಮನೆಗೆ ಬಂದದ್ದಕ್ಕೆ ಅವ್ವ ನನ್ನನ್ನು ಬಚ್ಚಲಿಗೆ ಕಳಿಸಿ ತಲೆಯ ಮೇಲೆ ನೀರು ಸುರಿದಳು. ಅಂಕಿ ಅದೇ ಹಾರಾಟ.

"ಹಸಿ ಕಲ್ಲು ಇರಬೇಕು ಅದು," ಎಂದ ಬಸಣ್ಣ. ನಗುವವರ ಗುಂಪಿನಲ್ಲಿ ಇದ್ದರೂ ಅವನಿಗೆ ಕಲ್ಲಿನ ಮೇಲೆ ಜೀವ. "ಖಣಿಯಿಂದ ತೆಗದ ಹೊಸದಾಗ ಕಲ್ಲಿನೊಳಗ ನೀರು ಇರ್‍ತದ. ನಮ್ಮ ಕಾಕಾ ಅದಕ್ಕೇ ಹಸಿ ಇದ್ದಾಗ ಕಡೀರಿ ಅಂತಾನ. ಒಣಗಿದ್ರ ಉಳಿ ಇಳಿಯಂಗಿಲ್ಲ."

ಕಲ್ಲನ್ನು ನಮ್ಮ ಮಾಳಿಗೆಯ ಮೇಲೆ ಎಂಟು ದಿನ ಬಿಸಿಲಿಗೆ ಇಟ್ಟೆ. ಅವ್ವ ಅಲ್ಲಿಯೇ ಶಾವಿಗೆ ಒಣಹಾಕಿದ್ದಳು. ಕಾಗೆ ಕಾಯುವ ಕೆಲಸದ ಜೊತೆಗೆ ಕಲ್ಲು ಕಾಯುವ ಕೆಲಸವೂ ಆಯಿತು. ಎಂಟು ದಿನದ ಮೇಲೆ ಕಾದ ಕಲ್ಲನ್ನು ನೀರಿಗೆ ಇಳಿಸಿದರೆ ಆ ಒಣಕಲು ವಾಸನೆ ಎದ್ದಿತು, ಅಂಕಿ ಮಾತ್ರ ಒಂದು ದಿನ ಎರಡೂವರೆ, ಮರುದಿನ ಎರಡೂ ಮುಕ್ಕಾಲು. ಪಟ್ಟಿಯ ಆರು ಪುಟ ತುಂಬಿದವು. ಶಿವರಾತ್ರಿಗೆ ಇನ್ನು ಹದಿನೈದು ದಿನ ಉಳಿದಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು, ಆದರೂ ಆ ವಾರ ಒಂದು ಸಂಜೆ ಸೀಸದ ಕಡ್ಡಿ ತೆಗೆದುಕೊಂಡು "೨.೭" ಎಂದು ಬರೆಯಲು ಹೋದೆ. ಎರಡು ಬರೆದೆ, ಚುಕ್ಕೆ ಇಟ್ಟೆ. ಏಳು ಬರೆಯಲು ಕೈ ಬರಲಿಲ್ಲ. ಬರೆದಿದ್ದರೆ ಒಂದು ಗಳಿಗೆಯ ಕೆಲಸ. ಆದರೆ ಈ ತಕ್ಕಡಿಗಾಗಿಯೇ ತಾನೇ ನಾನು ವಿಜ್ಞಾನ ಓದಬೇಕು ಎಂದು ಹಟ ಹಿಡಿದದ್ದು?

ತಪ್ಪು ಸಿಕ್ಕಿದ್ದು ಒಂದು ಶನಿವಾರ. ಎರಡು ತಟ್ಟೆಗಳು ಸಮ ಇವೆಯೋ ಇಲ್ಲವೋ ನೋಡೋಣ ಎಂದು ಡಬ್ಬಿಯಿಂದ ಒಂದು ರೂಪಾಯಿ ತೆಗೆದು ಎಡಕ್ಕೆ, ಒಂದು ರೂಪಾಯಿ ಬಲಕ್ಕೆ ಇಟ್ಟೆ. ಕೀಲಿ ತಿರುಗಿಸಿದೆ. ಬಲಗಡೆಯ ತಟ್ಟೆ ಇಳಿಯಿತು. ಬಲಗಡೆಯ ತಟ್ಟೆಯೇ ಭಾರ ಎಂದುಕೊಂಡು ನಾಣ್ಯಗಳನ್ನು ಅದಲು ಬದಲು ಮಾಡಿದೆ. ಈಗ ಎಡಗಡೆ ಇಳಿಯಿತು. ಹಾಗಾದರೆ ತಟ್ಟೆಯ ತಪ್ಪಲ್ಲ. ಎರಡೂ ನಾಣ್ಯಗಳನ್ನು ಅಂಗೈಯಲ್ಲಿಟ್ಟು ನೋಡಿದೆ. ಒಂದರ ಮೇಲೆ ಚಾರ್‌ಮಿನಾರು. ಇನ್ನೊಂದರ ಮೇಲೆ ಇಂಗ್ಲಿಷ್ ರಾಜನ ತಲೆ.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಸೀಮೆಯಲ್ಲಿ ಆಗ ಎರಡು ರೂಪಾಯಿ ನಡೆಯುತ್ತಿದ್ದವು. ನಿಜಾಮರದು ಹಾಲಿ ರೂಪಾಯಿ, ಹೊರಗಿನ ಹಿಂದೂಸ್ತಾನದ್ದು ಕಲ್ದಾರ ರೂಪಾಯಿ. ಹಾಲಿಗೆ ಬೆಲೆ ಕಡಿಮೆ, ಕಲ್ದಾರಿಗೆ ಹೆಚ್ಚು ಎಂಬುದು ಸಂತೆಗೆ ಹೋಗುವ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಅವುಗಳ ತೂಕವೂ ಬೇರೆ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ರೂಪಾಯಿ ತೂಕ ಅಂದರೆ ತೊಲ. ತೊಲ ಅಂದರೆ ತೊಲ. ನಾನು ಗುಲಗಂಜಿ ಹಾಕಿ ನೋಡಿದೆ. ಕಲ್ದಾರ ರೂಪಾಯಿ ತೊಂಬತ್ತಾರು ಗುಲಗಂಜಿಗೆ ಸಮ ನಿಂತಿತು. ಹಾಲಿ ರೂಪಾಯಿ ತೊಂಬತ್ತೆರಡಕ್ಕೇ ನಿಂತುಬಿಟ್ಟಿತು. ನಾಲ್ಕು ಗುಲಗಂಜಿಯ ವ್ಯತ್ಯಾಸ. ಕಲ್ಲನ್ನು ಗಾಳಿಯಲ್ಲಿ ತೂಗುವಾಗ ಕೈಗೆ ಬಂದ ಎಂಟು, ನೀರಿನಲ್ಲಿ ತೂಗುವಾಗ ಕೈಗೆ ಬಂದ ಐದು. ಎಂಟರಲ್ಲಿ ಹಾಲಿ ಎಷ್ಟೋ, ಐದರಲ್ಲಿ ಕಲ್ದಾರ ಎಷ್ಟೋ!

ವರಾಂಡಕ್ಕೆ ಓಡಿದೆ. ಮಾಸ್ತರು ವ್ಯಾಕರಣ ಕೆಳಗಿಟ್ಟು ಬಂದು ತಾವೂ ಎರಡು ಸಲ ತೂಗಿ ನೋಡಿದರು. "ಯಾ ಅಲ್ಲಾ" ಎಂದು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. ಆಮೇಲೆ ಏನೋ ನೆನಪಾಗಿ, "ಬಾ ನನ್ನ ಜೊತಿ" ಎಂದು ಡಬ್ಬಿ ಹಿಡಿದು ಮನೆಯ ಕಡೆ ನಡೆದರು. ಅವರ ಹೆಂಡತಿ ಬೀಬಿಜಾನ್ ಖಾಲಾ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಈ ಡಬ್ಬಿ ನೀ ಮುಟ್ತಿದ್ಯೇನು?" ಎಂದು ಮಾಸ್ತರು ಕೇಳಿದರು.

"ಮುಟ್ಟಲಾರ್ದೇನು? ಮನ್ಯಾಗ ಇರೋ ರೊಕ್ಕ ಅದೇ ಅಲ್ರಿ," ಎಂದರು ಖಾಲಾ. "ಸಂತಿಗಿ ಹೋಗೂ ಮುಂದ ಎರಡು ತಗೋತೀನಿ, ಮತ್ತ ಕೈಗಿ ಬಂದಿದ್ದು ತಂದು ಹಾಕ್ತೀನಿ. ಒಂದು ದಿನಾನೂ ಹತ್ತಕ್ಕ ಕಡಿಮಿ ಮಾಡಿಲ್ಲ ನೋಡ್ರಿ!"

ಮಾಸ್ತರು ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನೂ ನಕ್ಕೆ. ಖಾಲಾ ತಾವು ಮಾಡಿದ ತಪ್ಪೇನೆಂದು ತಿಳಿಯದೆ, ಇಬ್ಬರಿಗೂ ಬೆಲ್ಲದ ಚಹಾ ಮಾಡಿಕೊಟ್ಟರು. ಎರಡು ತಿಂಗಳು ನಾನು ದಾರವನ್ನು ಅನುಮಾನಿಸಿದೆ, ನೀರನ್ನು ಅನುಮಾನಿಸಿದೆ, ಕಲ್ಲನ್ನು, ಗಾಳಿಯನ್ನು, ನನ್ನ ಕೈಯನ್ನು ಅನುಮಾನಿಸಿದೆ. ಕೈಯಲ್ಲೇ ಇದ್ದ ರೂಪಾಯಿಯನ್ನು ಅನುಮಾನಿಸಲಿಲ್ಲ.

ಮಾಸ್ತರು ಕೈಗಡ ತಂದು ಎರಡೂ ಬಗೆಯ ರೂಪಾಯಿಗಳನ್ನು ಒಂಬತ್ತೊಂಬತ್ತು ಮಾಡಿಕೊಟ್ಟರು. ಸೋಮವಾರದಿಂದ ಹಾಲಿ ರೂಪಾಯಿಗಳನ್ನಷ್ಟೇ ಬೇರೆ ಮಾಡಿ, ಒಂದು ಹಾಲಿಗೆ ತೊಂಬತ್ತೆರಡು ಗುಲಗಂಜಿಯ ಲೆಕ್ಕದಲ್ಲಿ ತೂಗಿದೆ. ಎರಡು ದಶಾಂಶ ಆರು ಏಳು. ಮರುದಿನ ಆರು ಆರು. ಮತ್ತೆ ಆರು ಆರು. ಕಲ್ದಾರಷ್ಟೇ ಇಟ್ಟು ತೂಗಿದೆ. ತೂಕದ ಅಂಕಿಗಳು ಬೇರೆ ಬಂದವು, ಭಾಗಿಸಿದರೆ ಮತ್ತೆ ಅದೇ ಆರು ಆರು. ಯಾವ ರೂಪಾಯಿಯಾದರೂ ಸರಿ, ಒಂದೇ ಬಗೆಯದಿದ್ದರೆ ಸಾಕು. ಸುಣ್ಣದ ಕಲ್ಲಿಗೆ ಪುಸ್ತಕ ಹೇಳಿದ ಏಳಕ್ಕೂ ನನ್ನ ಅಂಕಿಗೂ ಸ್ವಲ್ಪ ಅಂತರ ಉಳಿಯಿತು. ಗುಂಡೇರಾಯರು, "ಇಷ್ಟು ಹತ್ತಿರ ಬಂದದಲ್ಲ, ಏಳೇ ಅಂತ ಬರದುಬಿಡು" ಎಂದರು. ನಾನು ಬರೆಯಲಿಲ್ಲ. ಅವರು ಬೇಸರಪಟ್ಟುಕೊಂಡು ಹೋದರು.

ಇನ್‌ಸ್ಪೆಕ್ಟರ್ ಸಾಹೇಬರು ಶಿವರಾತ್ರಿ ಮುಗಿದು ನಾಲ್ಕನೇ ದಿನ ಬಂದರು. ಎತ್ತರದ ಆಳು, ಬಿಳಿ ಶೇರವಾನಿ, ಮಾತು ಮೆತ್ತಗೆ. ಬಂದವರೇ ತೂಕದ ಪೆಟ್ಟಿಗೆ ತೆರೆಸಿದರು. ಖಾಲಿ ಮಖಮಲ್ಲು ನೋಡಿ ಹುಬ್ಬು ಏರಿಸಿದರು.

"ಬಟ್ಟು ಎಲ್ಲಿ ಅವ?"

ಮಾಸ್ತರು ಎಲ್ಲವನ್ನೂ ಹೇಳಿದರು. ಸಾಹೇಬರು ತಲೆ ಅಲ್ಲಾಡಿಸಿದರು. "ಬಟ್ಟು ಇಲ್ಲದ ಪ್ರಯೋಗಶಾಲಾಕ್ಕ ನಾ ಹ್ಯಾಂಗ ಮಂಜೂರಿ ಕೊಡ್ಲಿ? ಕಾಯ್ದೆ ಅದ." ಆಮೇಲೆ ಪಟ್ಟಿಗಳನ್ನು ತರಿಸಿ ಒಂದೊಂದಾಗಿ ನೋಡಿದರು. ಮೊದಲನೆಯದರಲ್ಲಿ ೨.೭. ಎರಡನೆಯದರಲ್ಲಿ ೨.೭. ಹತ್ತು ಪಟ್ಟಿ ನೋಡುವಷ್ಟರಲ್ಲಿ ಅವರ ಮೋರೆಯ ಮೇಲೆ ಒಂದು ನಗೆ ಮೂಡಿತು, ಅದು ಒಳ್ಳೆಯ ನಗೆಯಾಗಿರಲಿಲ್ಲ. ಬಸಣ್ಣ ನೆಲ ನೋಡುತ್ತಿದ್ದ. ಕೊನೆಗೆ ನನ್ನ ಪಟ್ಟಿ ಕೈಗೆ ಬಂತು.

ಅವರು ಪುಟ ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು. "ಇವು ಯಾರವು?"

"ನನ್ನವು ರೀ," ಎಂದು ಎದ್ದು ನಿಂತೆ.

"ಆರು ಪುಟ ಎಲ್ಲಾ ತಪ್ಪೇ ಬರ್ದೀದಿಯಲ್ಲ."

"ಹೌದ್ರಿ. ತಪ್ಪು ಎಲ್ಲಿ ಅದ ಅಂತ ಹುಡುಕಲಿಕತ್ತಿದ್ದೆ ರೀ. ಏಳನೇ ಪುಟದಾಗ ಸಿಕ್ತು."

"ಸಿಕ್ಕ ಮ್ಯಾಲಾದ್ರೂ ಪುಸ್ತಕದ ಅಂಕಿ ಬಂದಿಲ್ಲಲ್ಲ?"

"ಪುಸ್ತಕ ಬರದವರು ನಮ್ಮೂರ ಕಲ್ಲು ತೂಗಿಲ್ರಿ. ನಾ ತೂಗೀನಿ."

ಗುಂಡೇರಾಯರು ಕಣ್ಣು ಮುಚ್ಚಿಕೊಂಡರು. ಸಾಹೇಬರು ತಕ್ಕಡಿಯ ಕಡೆ ಕೈ ಮಾಡಿ, "ತೋರ್ಸು" ಎಂದರು. ಅವರ ಎದುರಿಗೆ ಹಾಲಿಯಿಂದ ಒಮ್ಮೆ, ಕಲ್ದಾರಿನಿಂದ ಒಮ್ಮೆ ತೂಗಿ ತೋರಿಸಿದೆ. ಕುದುರೆ ಕೂದಲನ್ನು ಒಂದೇ ಸಲಕ್ಕೆ ಕಟ್ಟಿದೆ. ಅಂಕಿ ಬಂದಾಗ ಅವರು ತಮ್ಮ ಪೆನ್ನು ತೆಗೆದು ನನ್ನ ಪಟ್ಟಿಯಲ್ಲಿ, ನನ್ನ ಅಂಕಿಯ ಕೆಳಗೆ, ಉರ್ದುವಿನಲ್ಲಿ ಸಹಿ ಹಾಕಿದರು. ಬೇರೆ ಯಾವ ಪಟ್ಟಿಗೂ ಹಾಕಲಿಲ್ಲ. ಹೊರಡುವಾಗ ಮಾಸ್ತರ ಕೈ ಹಿಡಿದು ಏನೋ ಹೇಳಿದರು. ಅದೇನೆಂದು ಮಾಸ್ತರು ನಮಗೆ ತಿಳಿಸಲಿಲ್ಲ.

ಗೆದ್ದೆ ಎಂದುಕೊಂಡೆ. ಆ ಬೇಸಿಗೆಯಲ್ಲಿ ಸೇಡಂನ ಬಿಸಿಲೂ ನನಗೆ ತಂಪಾಗಿತ್ತು. ಎಂಟನೆಯದು ಪಾಸಾದೆ. ಜೂನಿನಲ್ಲಿ ಸಾಲೆ ತೆರೆಯುವ ದಿನ ಹುಕುಂ ಬಂತು. ಗುಂಡೇರಾಯರು ಅದನ್ನು ಇಡೀ ಸಾಲೆಯ ಎದುರಿಗೇ ಓದಿದರು. ಸೇಡಂ ಸಾಲೆಗೆ ವಿಜ್ಞಾನ ಮಂಜೂರು. ಆದರೆ ತೂಕದ ಬಟ್ಟು ಮತ್ತು ಇತರ ಸಾಮಾನು ಬಂದ ಮೇಲೆ, ಬರುವ ವರ್ಷದ ಒಂಬತ್ತನೇ ಜಮಾತಿನಿಂದ. ಈ ವರ್ಷದವರಿಗೆ ಇಲ್ಲ.

ಎಂಟನೇ ಜಮಾತಿನ ಹುಡುಗರು ಚಪ್ಪಾಳೆ ಹೊಡೆದರು. ನನಗೆ ಕಿವಿ ಕೇಳಿಸಲಿಲ್ಲ. ನಾನು ತೂಗಿ ತಂದ ವಿಜ್ಞಾನ ನನ್ನ ಹಿಂದಿನ ಜಮಾತಿನವರಿಗೆ ಸಿಕ್ಕಿತ್ತು. ಬಸಣ್ಣ ಅದೇ ವಾರ ಗುಲಬರ್ಗಾಕ್ಕೆ ಹೋದ. ಹೋಗುವ ಮುಂಚೆ ಬಂದು, "ನೀಲಾ, ನಿನಗ ಇದು ಆಗಬಾರದಿತ್ತು" ಎಂದ.

ಅಪ್ಪ ಕೊಟ್ಟ ಮಾತು ನನಗೆ ಬಾಯಿಪಾಠ ಇತ್ತು: ಸೇಡಂ ಸಾಲ್ಯಾಗ ಬಂದ್ರ ಓದು. ಯಾವ ವರ್ಷ ಎಂದು ಅಪ್ಪ ಹೇಳಿರಲಿಲ್ಲ. ಮೂರು ದಿನ ಯೋಚಿಸಿದೆ. ನಾಲ್ಕನೇ ದಿನ ಸಾಲೆಗೆ ಹೋಗಿ ಒಂಬತ್ತನೇ ಜಮಾತಿನ ಬಾಗಿಲು ದಾಟಿ, ಎಂಟನೇ ಜಮಾತಿನಲ್ಲಿ ನನ್ನ ಹಳೆಯ ಬೆಂಚಿನ ಮೇಲೆ ಹೋಗಿ ಕೂತೆ. ನನಗಿಂತ ಸಣ್ಣ ಹುಡುಗರು ಬಾಯಿ ಬಿಟ್ಟು ನೋಡಿದರು. ಗುಂಡೇರಾಯರು ಓಡಿ ಬಂದರು.

"ನೀ ಪಾಸಾಗೀದಿ. ಇಲ್ಲ್ಯಾಕ ಕುಂತಿ?"

"ಬರೂ ವರ್ಷ ವಿಜ್ಞಾನ ಬರ್‍ತದಲ್ರಿ ಸರ್. ಅಲ್ಲೀತನ ಇಲ್ಲೇ ಇರ್‍ತೀನ್ರಿ."

"ಹುಚ್ಚೀ! ಒಂದು ವರ್ಷ ಹಾಳ ಮಾಡ್ಕೋತೀಯೇನು? ರಜಿಸ್ಟರಿನ್ಯಾಗ ನಾ ಏನಂತ ಬರೀಲಿ?"

"ನಪಾಸ್ ಅಂತ ಬರೀರಿ. ನಂದೇನೂ ತಕರಾರಿಲ್ರಿ."

ರಾಯರು ಮಾಸ್ತರ ಮೋರೆ ನೋಡಿದರು. ಮಾಸ್ತರು, "ತಕ್ಕಡಿ ನೋಡ್ಕೊಳ್ಳಾಕ ಒಬ್ಬರು ಬೇಕ್ರಿ ಸಾಹೇಬ್" ಎಂದಷ್ಟೇ ಹೇಳಿದರು. ರಾಯರು ಹಣೆ ಒರೆಸಿಕೊಂಡು ಹೋದರು. ಆ ಮೇಲೆ ಅವರು ನನ್ನನ್ನು ಎಬ್ಬಿಸಲು ಬರಲಿಲ್ಲ.

ಮನೆಯಲ್ಲಿ ಹೇಳುವುದೇ ಕಷ್ಟವಾಯಿತು. ಅವ್ವ ಗೋಳಾಡಿದಳು; ಒಂದು ವರ್ಷ ಹೆಚ್ಚಾದರೆ ಗಂಡು ಹುಡುಕುವುದೂ ಒಂದು ವರ್ಷ ಹಿಂದೆ ಬೀಳುತ್ತದೆ ಎಂಬುದು ಅವಳ ಚಿಂತೆ. ಅಪ್ಪ ಒಂದೇ ಒಂದು ಸಲ, "ಪಾಸಾದಾಕಿ ಹಿಂದಿನ ಜಮಾತಿನ್ಯಾಗ ಕುಂತ್ರ ಊರ ಮಂದಿ ಏನಂದಾರು?" ಎಂದು ಕೇಳಿದರು.

"ನೀವು ಸೇಡಂ ಸಾಲ್ಯಾಗ ಬಂದ್ರ ಓದು ಅಂದೀರಿ. ಬರಲಿಕತ್ತದ ರೀ," ಎಂದೆ.

ಅಪ್ಪ ಎದ್ದು ಹೋದರು. ಹದಿನೈದು ದಿನ ನನ್ನ ಜೊತೆ ಮಾತಿಲ್ಲ. ಆ ಹದಿನೈದು ದಿನ ನನಗೆ ಆರು ಪುಟದ ತಪ್ಪು ಅಂಕಿಗಳಿಗಿಂತ ಭಾರವಾಗಿದ್ದವು. ಸಾಲೆಯಲ್ಲಿ ಸಣ್ಣ ಹುಡುಗರು ನನ್ನನ್ನು "ನಪಾಸಕ್ಕ" ಎನ್ನುತ್ತಿದ್ದರು. ಬಾವಿಕಟ್ಟೆಯಲ್ಲಿ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಆದರೂ ಒಂದು ದಿನವೂ ಸಾಲೆ ತಪ್ಪಿಸಲಿಲ್ಲ. ಸಂಜೆ ಮಾಸ್ತರ ಜೊತೆ ಕೂತು ಇಟ್ಟಿಗೆ, ಹಿತ್ತಾಳೆ, ಬೇವಿನ ಕಟ್ಟಿಗೆ, ಸೀಸ ಎಲ್ಲವನ್ನೂ ತೂಗಿ ಬರೆದೆ.

ಆಷಾಢದ ಒಂದು ಭಾನುವಾರ ಅಪ್ಪನ ಕಚೇರಿಯ ಇಬ್ಬರು ಹಿರಿಯರು ಮನೆಗೆ ಬಂದರು. ಹೊರಗೆ ಮಳೆ ಹಿಡಿದಿತ್ತು. ಅವರು ಪಡಸಾಲೆಯ ಜಮಖಾನೆಯ ಮೇಲೆ ಅಪ್ಪನ ಎದುರಿಗೆ ಕೂತರು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಅವರಲ್ಲೊಬ್ಬರು ದನಿ ಇಳಿಸಿ, ಆದರೆ ನನಗೆ ಕೇಳಿಸುವಷ್ಟು ಇಳಿಸಿ, "ಪೇಷ್ಕಾರ್‍ರ, ಮಗಳು ಈ ಸಲ ನಪಾಸಾದಳಂತಲ್ರಿ? ಇನ್ನ ಸಾಲಿ ಬಿಡಸೂದು ಛಲೋ," ಎಂದರು.

ನನ್ನ ಕೈಯ ಪಾತ್ರೆ ಅಲ್ಲೇ ನಿಂತಿತು. ಅಪ್ಪ ಅಡಿಕೆ ಕತ್ತರಿಸುವ ಅಡಕೊತ್ತಿನ ಸಪ್ಪಳ ಎರಡು ಸಲ ಕೇಳಿಸಿತು. ಆಮೇಲೆ ಕಚೇರಿಯಲ್ಲಿ ಹುಕುಂ ಓದುವ ದನಿಯಲ್ಲಿ ಅಪ್ಪ ಹೇಳಿದರು:

"ನಪಾಸಾಗಿಲ್ರಿ ಆಕಿ. ಕಾಯಲಿಕತ್ತಾಳ."